ಶಬ್ದ ಬೇಡದ ವಿಡಿಯೋ

ನನ್ನ ಮಗಳಿಗೆ ಕಿವಿ ಕೇಳುವುದಿಲ್ಲ ಎಂದು ನಮಗೆ ಗೊತ್ತಾದದ್ದು ಕುಕ್ಕರಿನಿಂದ. ಹೊಳೆನರಸೀಪುರದ ನಮ್ಮ ಮನೆಯ ಅಡುಗೆಮನೆಯಲ್ಲಿ ಅವಳು ಒಲೆಕಟ್ಟೆಗೆ ಬೆನ್ನು ಮಾಡಿ ಕೂತು ಅವರೆಕಾಯಿ ಸಿಪ್ಪೆಯಲ್ಲಿ ಆಡುತ್ತಿದ್ದಳು. ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಕುಕ್ಕರ್ ಜೋರಾಗಿ ಕೂಗಿತು. ಅವಳ ಪಕ್ಕದಲ್ಲಿ ಮಲಗಿದ್ದ ಬೆಕ್ಕು ಬೆಚ್ಚಿ ಹಿತ್ತಲಿಗೆ ಓಡಿತು. ಮಗು ತಲೆ ಎತ್ತಲಿಲ್ಲ; ಬೆಕ್ಕು ಯಾಕೆ ಓಡಿತು ಎಂದು ಮಾತ್ರ ನೋಡಿದಳು.

ಇದು ತೊಂಬತ್ತರ ದಶಕದ ನಡುವಿನ ಮಾತು. ಮೈಸೂರಿನಲ್ಲಿ ತೋರಿಸಿದೆವು. ಹುಟ್ಟಿನಿಂದಲೇ ಕೇಳಿಸುತ್ತಿಲ್ಲ ಅಂದರು. ಎದೆಗೆ ಕಟ್ಟುವ ಒಂದು ಡಬ್ಬಿಯನ್ನೂ ಅದರಿಂದ ಕಿವಿಗೆ ಹೋಗುವ ವೈರನ್ನೂ ಕೊಟ್ಟರು. ಅದರಲ್ಲಿ ಅವಳಿಗೆ ಏನು ಕೇಳುತ್ತಿತ್ತೋ ಇವತ್ತಿಗೂ ನನಗೆ ತಿಳಿಯದು. ಲಾರಿಯ ಹಾರನ್ನಿಗೆ ಒಮ್ಮೊಮ್ಮೆ ತಿರುಗುತ್ತಿದ್ದಳು, ಅಷ್ಟೆ.

ನನ್ನ ಗಂಡ ಹಾಸನದ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದರು. ನಾನು ಅರಕಲಗೂಡಿನ ಹೈಸ್ಕೂಲಿನಲ್ಲಿ ಗಣಿತದ ಟೀಚರು. ಬೆಳಿಗ್ಗೆ ಅವರು ಹಾಸನದ ಬಸ್ಸು ಹತ್ತುವಾಗ ಮಗಳನ್ನೂ ಕರೆದುಕೊಂಡು ಹೋಗಿ ಕಿವುಡ ಮಕ್ಕಳ ಶಾಲೆಗೆ ಬಿಡುತ್ತಿದ್ದರು, ಸಂಜೆ ಕರೆತರುತ್ತಿದ್ದರು. ಆ ಶಾಲೆಯಲ್ಲಿ ಒಂದೇ ನಿಯಮ: ಮಾತು ಬಾಯಿಂದಲೇ ಬರಬೇಕು. ಮಕ್ಕಳು ಟೀಚರ ತುಟಿ ನೋಡಬೇಕು, ಗಂಟಲಿಗೆ ಬೆರಳಿಟ್ಟು ಅದರ ಅದುರುವಿಕೆ ತಿಳಿಯಬೇಕು, ಹಾಗೇ ತಾವೂ ಅದುರಿಸಬೇಕು. ಕೈಗಳು ಮಾತ್ರ ಡೆಸ್ಕಿನ ಮೇಲೆ ಸುಮ್ಮನೆ ಇರಬೇಕು. ಹೆಡ್‌ಮಿಸ್ ನಮ್ಮನ್ನು ಕೂರಿಸಿಕೊಂಡು ಹೇಳಿದ್ದರು: "ಮನೇಲೂ ಸನ್ನೆ ಮಾಡ್ಬೇಡಿ. ಸನ್ನೆ ಅಭ್ಯಾಸ ಆದ್ರೆ ಮಕ್ಕಳು ಸೋಮಾರಿ ಆಗ್ತಾರೆ, ಬಾಯಿ ತೆರೆಯೋದೇ ಇಲ್ಲ. ಆಮೇಲೆ ನನ್ನ ಕೇಳ್ಬೇಡಿ."

ನಾವು ಹಾಗೇ ನಡೆದುಕೊಂಡೆವು. ಅವಳು ನೀರಿನ ಚೊಂಬು ತೋರಿಸಿದರೆ ಕೊಡುತ್ತಿರಲಿಲ್ಲ. "ನೀರು" ಅಂತ ತುಟಿ ಆಡಿಸಿದರೆ ಕೊಡುತ್ತಿದ್ದೆವು. ವರ್ಷಗಳು ಹೀಗೇ ಕಳೆದವು. ಅಪ್ಪ, ಅಮ್ಮ, ಹೂ, ಬಾ, ಬೇಡ, ಇಂಥ ಕೆಲವು ಮಾತುಗಳು ಅವಳಿಗೆ ಬಂದವು. ಶಾಲೆಗೆ ಯಾರಾದರೂ ದೊಡ್ಡವರು ಬಂದಾಗ ಅವಳನ್ನು ಎಬ್ಬಿಸಿ ನಿಲ್ಲಿಸಿ "ಹೂ" ಅನ್ನಿಸುತ್ತಿದ್ದರು. ಬಂದವರು ಚಪ್ಪಾಳೆ ತಟ್ಟುತ್ತಿದ್ದರು. ನನ್ನ ಗಂಡನಿಗೆ ಅದು ಹೆಮ್ಮೆ. ಬೀದಿಯಲ್ಲಿ ಸಿಕ್ಕವರಿಗೆಲ್ಲ "ಇವಳು ಮಾತಾಡ್ತಾಳೆ ಕಣ್ರೀ" ಎಂದು ಹೇಳಿ ಅವಳಿಂದ ಒಂದು ಮಾತು ಆಡಿಸಿ ತೋರಿಸುತ್ತಿದ್ದರು. ಆ ಮಾತು ಅಪ್ಪ ಅಮ್ಮ ಇಬ್ಬರಿಗಲ್ಲದೆ ಇನ್ನಾರಿಗೂ ಅರ್ಥವಾಗುತ್ತಿರಲಿಲ್ಲ ಎಂಬುದನ್ನು ಮಾತ್ರ ಅವರು ಗಮನಿಸುತ್ತಿರಲಿಲ್ಲ.

ಒಂದು ಸಂಜೆ ಅವಳು ಹಾಸನದಿಂದ ಅಳುತ್ತಾ ಬಂದಳು. ಬಸ್ಸಿನಲ್ಲೂ ಅಳುತ್ತಿದ್ದಳಂತೆ. ಅವಳಿಗೆ ಆಗ ಹನ್ನೊಂದು ವರ್ಷ. ನಾನು ತುಟಿ ಬಿಡಿಸಿ ಬಿಡಿಸಿ ಕೇಳಿದೆ: ನೋವಾ, ಬಿದ್ಯಾ, ಯಾರಾದ್ರೂ ಹೊಡೆದ್ರಾ. ಅವಳು ಬಾಯಿ ತೆರೆದಳು. "ಅ... ಮ್ಮಾ" ಎಂದಳು. ಮತ್ತೆ ಬಾಯಿ ತೆರೆದಳು. ಅವಳ ಬಳಿ ಇದ್ದ ಮಾತುಗಳಲ್ಲಿ ಹೇಳಬೇಕಾದದ್ದಕ್ಕೆ ಒಂದೂ ಇರಲಿಲ್ಲ. ಕೊನೆಗೆ ಗೋಡೆಗೆ ಅಂಗೈಯಿಂದ ಒಂದೇಸಮ ಬಡಿದು ಚಾಪೆಯ ಮೇಲೆ ಮುದುರಿಕೊಂಡಳು. ಹನ್ನೊಂದು ವರ್ಷದ ಮಗುವಿಗೆ ತನ್ನ ತಾಯಿಗೆ ಒಂದು ಸುದ್ದಿ ಹೇಳಲಾಗಲಿಲ್ಲ. ಅವತ್ತಿನಿಂದ ಆ ಶಾಲೆಯ ಮೇಲಿನ ನನ್ನ ನಂಬಿಕೆ ಸಡಿಲವಾಯಿತು.

ಮುಂದಿನ ಬೇಸಿಗೆ ರಜೆಯಲ್ಲಿ ಚನ್ನರಾಯಪಟ್ಟಣದಲ್ಲಿ ಟೀಚರುಗಳಾದ ನಮಗೆಲ್ಲ ಕಂಪ್ಯೂಟರ್ ತರಬೇತಿ ಇಟ್ಟಿದ್ದರು. ನನ್ನ ತವರೂ ಅಲ್ಲೇ ಇದ್ದುದರಿಂದ ಹೋಗಿಬರುವುದು ಸಲೀಸಾಗಿತ್ತು. ಪಾಠ ಮುಗಿದ ಮೇಲೆ ಒಂದಷ್ಟು ಹೊತ್ತು ಇಂಟರ್ನೆಟ್ ನಮ್ಮಷ್ಟಕ್ಕೆ ಬಿಡುತ್ತಿದ್ದರು. ಉಳಿದವರು ಜಾತಕ ನೋಡುತ್ತಿದ್ದರು, ವರ್ಗಾವಣೆಯ ಸುದ್ದಿ ಹುಡುಕುತ್ತಿದ್ದರು. ನಾನು ಕಿವುಡುತನದ ಬಗ್ಗೆ ಹುಡುಕುತ್ತಾ ಹೋಗಿ ಒಂದು ತಾಣಕ್ಕೆ ಬಂದು ನಿಂತೆ. ಕಿವುಡರೇ ಸೇರಿ ನಡೆಸುತ್ತಿದ್ದ ತಾಣ ಅದು. ನೀಲಿ ಪರದೆಯ ಮುಂದೆ ನಿಂತ ಒಬ್ಬಾಕೆ ದಿನಬಳಕೆಯ ಮಾತುಗಳಿಗೆ ಸನ್ನೆ ತೋರಿಸುತ್ತಿದ್ದಳು. ಆಮೇಲೆ ಸಣ್ಣ ಸಣ್ಣ ಕತೆಗಳನ್ನು ಹೇಳುತ್ತಿದ್ದಳು. ಒಂದು ಕತೆ ಮುಗಿಯುವಷ್ಟರಲ್ಲಿ ನನಗೆ ಗೊತ್ತಾಯಿತು, ಇದು ಚೊಂಬು ತೋರಿಸಿ ನೀರು ಕೇಳುವ ಸನ್ನೆಯಲ್ಲ. ಇದು ಪೂರ್ತಿ ಮಾತು. ನಿನ್ನೆ, ನಾಳೆ, ಹಾಗಿದ್ದರೆ, ಆದರೆ, ಎಲ್ಲವೂ ಇದ್ದವು.

ಮನೆಗೆ ಬಂದವಳೇ ನಮ್ಮ ಕಂಪ್ಯೂಟರ್ ಹಚ್ಚಿದೆ. ಗಂಡನ ಕಾಲೇಜಿನವರು ಹಳೆಯದಾಯಿತೆಂದು ವಿಲೇವಾರಿ ಮಾಡಿದಾಗ ಇವರು ತಂದದ್ದು. ಫೋನಿನ ತಂತಿಯಲ್ಲೇ ಬ್ರಾಡ್‌ಬ್ಯಾಂಡ್ ಬಂದು ಸ್ವಲ್ಪ ದಿನವಾಗಿತ್ತು. ತಾಣ ತೆರೆಯಿತು. ವಿಡಿಯೋ ಇರಬೇಕಾದ ಜಾಗದಲ್ಲಿ ಒಂದು ಬೂದು ಚೌಕ, ಅದರಲ್ಲಿ ಪ್ಲಗಿನ್ ಹಾಕಿಕೊಳ್ಳಿ ಎಂಬ ಸೂಚನೆ. ಬ್ರೌಸರಿಗೆ ವಿಡಿಯೋ ತೋರಿಸುವ ಶಕ್ತಿ ಆಗ ತಾನಾಗಿ ಇರುತ್ತಿರಲಿಲ್ಲ; ಹೊರಗಿನಿಂದ ಒಂದು ತುಣುಕು ತಂದು ಅದಕ್ಕೆ ಜೋಡಿಸಬೇಕಿತ್ತು. ತಂದು ಜೋಡಿಸಿದೆ. ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಸದ್ದು ಮಾಡತೊಡಗಿತು. ಚಿತ್ರ ಬಂತು, ನಿಂತಿತು, ಹಾರಿತು, ಮತ್ತೆ ನಿಂತಿತು.

ಮಗಳನ್ನು ಪಕ್ಕ ಕೂರಿಸಿಕೊಂಡಿದ್ದೆ. ಆ ಹೆಂಗಸಿನ ಕೈ ಎದೆಯ ಹತ್ತಿರ ಇತ್ತು. ಆಮೇಲೆ ಹಣೆಯ ಹತ್ತಿರ ಇತ್ತು. ನಡುವೆ ಅದು ಹೇಗೆ ಹೋಯಿತು, ತಿರುಗಿತೋ ಮಡಿಚಿತೋ, ಕಾಣಲೇ ಇಲ್ಲ. ಕಿವಿ ಕೇಳುವವರಿಗೆ ಇದು ದೊಡ್ಡದಲ್ಲ. ಚಿತ್ರ ತಡವರಿಸಿದರೂ ದನಿ ಬರುತ್ತಿರುತ್ತದೆ, ವಿಷಯ ತಿಳಿಯುತ್ತದೆ. ಕೈಯೇ ಮಾತಾದವರಿಗೆ ಆ ನಡುವಿನ ಚಲನೆ ಹೋದರೆ ಮಾತೇ ಹೋದ ಹಾಗೆ. ಮಗಳು ಕಂಡದ್ದನ್ನು ಕಂಡ ಹಾಗೇ ಮಾಡಿದಳು: ಕೈಯನ್ನು ಎದೆಗಿಟ್ಟು, ನಿಲ್ಲಿಸಿ, ತಟ್ಟನೆ ಹಣೆಗಿಟ್ಟಳು. ಅವಳು ಯಂತ್ರದ ತೊದಲನ್ನು ಕಲಿಯುತ್ತಿದ್ದಳು. ನಾನು ಕಂಪ್ಯೂಟರ್ ಆರಿಸಿದೆ.

ಹಾಸನದಲ್ಲಿ ಕಂಪ್ಯೂಟರ್ ರಿಪೇರಿಯ ಒಂದು ಅಂಗಡಿಯಿತ್ತು. ಅಂಗಡಿಯವನು ಶಾಂತಿಗ್ರಾಮದ ಕಡೆಯ ಆಳು. ಅವನು ಪೆಟ್ಟಿಗೆ ಬಿಚ್ಚಿ ನೋಡಿ ಮುಚ್ಚಿಬಿಟ್ಟ.

"ಏನೂ ಆಗಾಕಿಲ್ಲ ಮೇಡಂ. ಆ ಪ್ಲಗಿನ್ನು ಎಂಗೆ ಅಂದ್ರೆ, ಬಂದ್ಬುಟ್ಟು ಮನೆ ಪೂರಾ ತಾನೇ ತುಂಬ್ಕತದೆ. ನಿಮ್ಮ ಮಿಶಿನ್ನು ಹಳೇದು, ತಡ್ಕಳಾಕಿಲ್ಲ."

"ಮೆಮೊರಿ ಜಾಸ್ತಿ ಮಾಡಿದ್ರೆ?"

"ಈ ಬೋರ್ಡಿಗೆ ಒಂದುವಂತದ್ದು ಈಗ ಸಿಗಾಕಿಲ್ಲ. ಒಸದು ತಗಳಿ."

ಮನೆಯಲ್ಲಿ ಹೊಸದರ ಮಾತು ತೆಗೆದೆ. ಗಂಡ ಪತ್ರಿಕೆಯಿಂದ ಕಣ್ಣು ತೆಗೆಯದೆ ಕೇಳಿದರು, "ಯಾಕೆ?" ಹೇಳಿದೆ. ಆಗ ಪತ್ರಿಕೆ ಮಡಿಚಿಟ್ಟರು.

"ನೋಡು, ಅವಳು ಟೈಪಿಂಗ್ ಕಲೀಲಿ ಅಂದ್ರೆ ನಾಳೆನೇ ತರ್ತೀನಿ. ಬೆರಳು ಕುಣಿಸೋದಕ್ಕೆ ತರಲ್ಲ. ಇಷ್ಟು ವರ್ಷ ಕಷ್ಟಪಟ್ಟು ಬಾಯಿ ಬಿಡಿಸಿದೀವಿ ಕಣೇ."

"ಬಾಯಿ ಬಿಟ್ಟು ಏನು ಹೇಳಿದಾಳ್ರೀ ನಿಮಗೆ, ಇಷ್ಟು ವರ್ಷದಲ್ಲಿ?"

ಅವರು ಎದ್ದು ಹೋಗಿ ಕೈಕಾಲು ತೊಳೆದುಕೊಂಡು ಸಂಧ್ಯಾವಂದನೆಗೆ ಕೂತರು. ನಮ್ಮ ಮನೆಯಲ್ಲಿ ಮಾತು ಮುಗಿಯುತ್ತಿದ್ದದ್ದೇ ಹಾಗೆ.

ಆಮೇಲೆ ನಾನೇ ಹುಡುಕತೊಡಗಿದೆ. ಶನಿವಾರ ನನಗೆ ಬೆಳಗಿನ ಶಾಲೆ, ಮಗಳಿಗೆ ರಜೆ. ಮಧ್ಯಾಹ್ನಕ್ಕೆ ಮನೆಗೆ ಬಂದುಬಿಡುತ್ತಿದ್ದೆ. ಗಂಡ ಬರುವುದು ಸಂಜೆಗೆ. ಆ ಹೊತ್ತಿನಲ್ಲಿ, ಹಳೆಯ ಯಂತ್ರಗಳನ್ನು ಇನ್ನೂ ನಡೆಸುವವರ ಒಂದು ಚರ್ಚೆಯ ತಾಣದಲ್ಲಿ ನನ್ನ ತೊಂದರೆಯನ್ನು ನನ್ನ ಹೈಸ್ಕೂಲು ಇಂಗ್ಲಿಷಿನಲ್ಲಿ ಬರೆದು ಹಾಕಿದೆ. ಮಗಳ ವಿಷಯ ಬರೆಯಲಿಲ್ಲ. ಕೈಗಳ ಚಲನೆ ತಡೆಯಿಲ್ಲದೆ ಕಾಣಬೇಕು ಎಂದಷ್ಟೇ ಬರೆದೆ.

ಯಾವ ಊರಿನವನೋ ತಿಳಿಯದ ಒಬ್ಬ ಉತ್ತರ ಬರೆದ. ಅವನು ಹೇಳಿದ್ದರ ಸಾರ ಇಷ್ಟು: ಆ ಪ್ಲಗಿನ್ ವಿಡಿಯೋ ತೋರಿಸಲಿಕ್ಕೆ ಮಾತ್ರ ಹುಟ್ಟಿದ್ದಲ್ಲ, ಅದು ಆಟ, ಜಾಹೀರಾತು, ಕುಣಿಯುವ ಗುಂಡಿ ಎಲ್ಲವನ್ನೂ ಹೊತ್ತುಕೊಂಡು ಬರುತ್ತದೆ. ನಿಮಗೆ ಬೇಕಾದದ್ದು ವಿಡಿಯೋ ಒಂದೇ. ಒಂದು ಲೋಟ ಹಾಲು ಕಾಯಿಸಲಿಕ್ಕೆ ಮದುವೆ ಅಡುಗೆಯವರನ್ನೆಲ್ಲ ಕರೆಯುವುದು ಯಾಕೆ? ಹಾಲಿನ ಹೋಲಿಕೆ ಅವನದಲ್ಲ, ನನ್ನದು. ನಾನು ಅರ್ಥ ಮಾಡಿಕೊಂಡದ್ದು ಹಾಗೆ. ಇಂಥ ಭಾರದ ಪ್ಲಗಿನ್ನುಗಳಿಗೆ ಬದಲಾಗಿ ಕೆಲವರು ಹಗುರವಾದವನ್ನು ಬರೆದು, ಒಳಗಿನ ಸಂಕೇತವನ್ನೂ, ಅಂದರೆ ಕೋಡನ್ನೂ, ಮುಚ್ಚಿಡದೆ, ಯಾರು ಬೇಕಾದರೂ ತಿದ್ದಿಕೊಳ್ಳಲಿ ಎಂದು ಬಿಟ್ಟಿದ್ದಾರೆ ಎಂದೂ ಬರೆದಿದ್ದ. ಅದಕ್ಕೆ ಮೊದಲು ವಿಂಡೋಸಿನ ಬದಲು ಯಂತ್ರವನ್ನು ನಡೆಸುವ, ಲಿನಕ್ಸ್ ಎಂಬ ಒಂದು ಸಣ್ಣ ವ್ಯವಸ್ಥೆಯನ್ನು ಹಾಕಿಕೊಳ್ಳಬೇಕಿತ್ತು. ಒಂದೇ ಸಿ.ಡಿ.ಯಲ್ಲಿ ಹಿಡಿಯುವಂಥದ್ದು. ಚನ್ನರಾಯಪಟ್ಟಣದ ಸೈಬರ್ ಕೆಫೆಯಲ್ಲಿ ಸಿ.ಡಿ. ಬರೆಸಿಕೊಂಡು ಬಂದು, ಗಂಡನ ಫೈಲುಗಳಿದ್ದ ಭಾಗವನ್ನು ಮುಟ್ಟದೆ, ಪಕ್ಕದಲ್ಲೇ ಹಾಕಿದೆ.

ಮೊದಲು ಹಾಕಿದ ಬದಲಿ ಪ್ಲಗಿನ್ ಅರೆಬೆಂದ ಅಡುಗೆ. ನೀಲಿ ಪರದೆಯ ಹೆಂಗಸಿನ ಮುಖ ಹಸಿರಾಗಿ ಬಂತು, ಆಮೇಲೆ ಬ್ರೌಸರೇ ಮುಚ್ಚಿಹೋಯಿತು. ಎರಡನೆಯದರಲ್ಲಿ ಬೂದು ಚೌಕ ಹೋಗಿ ಬಿಳಿ ಚೌಕ ಬಂತು. ಅದನ್ನು ಬರೆಯುತ್ತಿದ್ದವರು ಬಿಡುವಿನಲ್ಲಿ, ಸಂಬಳವಿಲ್ಲದೆ ಬರೆಯುತ್ತಿದ್ದರು; ಕೆಲಸ ಇನ್ನೂ ಅರ್ಧಕ್ಕೇ ಇತ್ತು. ದೂರುವಂತಿರಲಿಲ್ಲ. ಮತ್ತೆ ಬರೆದೆ. ಅದೇ ಅಪರಿಚಿತ ಬೇರೆ ದಾರಿ ಹೇಳಿದ: ಬ್ರೌಸರನ್ನೇ ಬಿಡಿ. ಪುಟದ ಒಳಗೆ ವಿಡಿಯೋದ ವಿಳಾಸ ಇರುತ್ತದೆ, ಅದನ್ನು ಹುಡುಕಿ ತೆಗೆದು ಒಂದು ಪುಟ್ಟ ಪ್ಲೇಯರಿಗೆ ಕೊಡಿ, ಅದು ಹೊರಗೆ ಓಡಿಸುತ್ತದೆ. ಆ ಪ್ಲೇಯರೂ ಹಾಗೇ ತೆರೆದ ಸಂಕೇತದ್ದು, ಗುಂಡಿ ಗಿಂಡಿ ಏನಿಲ್ಲ. ಆಜ್ಞೆಯನ್ನು ಟೈಪು ಮಾಡಿದರೆ ವಿಡಿಯೋ ಒಂದು ಕಿಟಕಿಯಲ್ಲಿ ಬರುತ್ತದೆ.

ಬಂತು. ಬಹುಪಾಲು ಸರಾಗ. ಆದರೂ ಕೈ ಬೇಗ ಆಡಿದ ಕಡೆ ಸಣ್ಣಗೆ ಎಡವುತ್ತಿತ್ತು. ಇನ್ನೇನು ಕಡಿಮೆ ಮಾಡಬಹುದು ಎಂದು ಪ್ಲೇಯರಿನ ಸೂಚನೆಗಳನ್ನು ಓದುತ್ತಾ ಹೋದಾಗ ಶಬ್ದವನ್ನು ಪೂರ್ತಿ ಕೈಬಿಡುವ ಒಂದು ಆಜ್ಞೆ ಕಂಡಿತು. ಕಿವಿ ಕೇಳುವ ತಂದೆತಾಯಿಯರಿಗಾಗಿ ಆ ವಿಡಿಯೋಗಳ ಹಿಂದೆ ಯಾರೋ ಇಂಗ್ಲಿಷಿನಲ್ಲಿ ವಿವರಣೆ ಕೊಡುತ್ತಿದ್ದರು. ನಮ್ಮ ಬಡ ಯಂತ್ರ ಆ ದನಿಯನ್ನೂ ಬಿಡಿಸಿ ಹೊರಹಾಕಲು ತಿಣುಕುತ್ತಿತ್ತು. ಶಬ್ದ ತೆಗೆದೆ. ಫ್ಯಾನಿನ ಗಲಾಟೆಯೂ ತಗ್ಗಿತು. ನೀಲಿ ಪರದೆಯ ಮುಂದೆ ಆ ಹೆಂಗಸಿನ ಕೈ ಎದೆಯಿಂದ ಎದ್ದು, ಗಾಳಿಯಲ್ಲಿ ಒಂದು ಸಣ್ಣ ಸುತ್ತು ಸುತ್ತಿ, ಹಣೆಗೆ ಹೋಗಿ ನಿಂತಿತು.

ಮಗಳು ನನ್ನ ತೋಳು ಹಿಡಿದಳು. ಮತ್ತೆ ಹಾಕು ಎಂದು ಪರದೆ ತೋರಿಸಿದಳು. ಮತ್ತೆ ಹಾಕಿದೆ. ತಾನೂ ಮಾಡಿದಳು, ಆ ಸುತ್ತಿನ ಸಮೇತ.

ಒಂದು ಮಳೆಗಾಲ ಪೂರ್ತಿ ಶನಿವಾರ ಭಾನುವಾರ ನಾವಿಬ್ಬರೂ ಕಲಿತೆವು. ನಾನು ನಿಧಾನ. ಅವಳು ನನ್ನ ಬೆರಳು ಹಿಡಿದು ತಿದ್ದುತ್ತಿದ್ದಳು, ಟೀಚರ ಕೈಯನ್ನು ತಿದ್ದುವ ಸಂತೋಷ ಅವಳ ಮುಖದಲ್ಲಿ ಕಾಣುತ್ತಿತ್ತು. ವಿಡಿಯೋಗಳನ್ನು ಡಿಸ್ಕಿನಲ್ಲಿ ಇಳಿಸಿಟ್ಟುಕೊಂಡೆ. ಗಂಡ ಭಾನುವಾರ ಬಾಗೂರಿನ ಅಣ್ಣನ ಮನೆಗೋ ಸಭೆಗೋ ಹೋಗುತ್ತಿದ್ದರು. ಇದ್ದರೂ ನಮ್ಮ ಕೋಣೆಯ ಕಡೆ ನೋಡುತ್ತಿರಲಿಲ್ಲ.

ದಸರಾ ರಜೆಯಲ್ಲಿ ಒಂದು ಬೆಳಿಗ್ಗೆ ಬಟ್ಟೆ ಮಡಿಚುತ್ತಾ ಕೂತಿದ್ದೆವು. ಅವಳ ಶಾಲೆಯ ಜಡೆ ಟೇಪು ನನ್ನ ಕೈಗೆ ಬಂತು. ಅವಳು ಅದನ್ನು ಕಿತ್ತುಕೊಂಡು ದೂರ ಎಸೆದಳು. ಯಾಕೆ ಎಂದು ಸನ್ನೆಯಲ್ಲಿ ಕೇಳಿದೆ. ಆಗ ಹೇಳಿದಳು. ಹಿಂದೊಂದು ದಿನ ತಾನು ಗೆಳತಿಯೊಂದಿಗೆ ಕೈಯಲ್ಲಿ ಏನೋ ಹೇಳಿಕೊಂಡು ನಗುತ್ತಿದ್ದೆ. ಹೆಡ್‌ಮಿಸ್ ನೋಡಿದರು. ತನ್ನ ಜಡೆಯ ಟೇಪನ್ನೇ ಬಿಚ್ಚಿ ಕೈ ಹಿಂದಕ್ಕೆ ಕಟ್ಟಿದರು. ಎಲ್ಲರ ಮುಂದೆ ನಿಲ್ಲಿಸಿ "ಹೂ" ಅನ್ನು ಎಂದರು. ಸಂಜೆಯವರೆಗೂ ಬಿಚ್ಚಲಿಲ್ಲ. ಅವತ್ತು ಬಸ್ಸಿನಲ್ಲಿ ಅತ್ತದ್ದು ಅದಕ್ಕೆ. ಮತ್ತೆ ಕೇಳಿದಳು: ಅಪ್ಪನಿಗೆ ಗೊತ್ತಿತ್ತು. ಟೇಪು ಬಿಚ್ಚಿದ್ದು ಅಪ್ಪನೇ. ನಿನಗೆ ಹೇಳಲಿಲ್ಲವಾ?

ಸಂಜೆ ಗಂಡನನ್ನು ಕೇಳಿದೆ. ಅವರು ಅಲ್ಲಗಳೆಯಲಿಲ್ಲ.

"ಶಿಸ್ತು ಅಂದ್ರೆ ಸ್ವಲ್ಪ ಇರುತ್ತೆ. ನೀನು ಸುಮ್ನೆ ರಂಪ ಮಾಡ್ತೀಯ ಅಂತ ಹೇಳ್ಲಿಲ್ಲ."

ರಂಪ ಮಾಡಲು ನನಗೆ ಆಗಲಿಲ್ಲ. ಮಗಳು ಬಾಗಿಲಲ್ಲಿ ನಿಂತು ನಮ್ಮ ತುಟಿಗಳನ್ನೇ ನೋಡುತ್ತಿದ್ದಳು.

ಅವಳನ್ನು ಅಲ್ಲಿಂದ ಬಿಡಿಸಬೇಕೆಂದು ನಿರ್ಧಾರ ಮಾಡಿದೆ. ಆದರೆ ಅಲ್ಲಿ ಉಳಿದ ಮಕ್ಕಳೂ ಇದ್ದರಲ್ಲ. ಶಾಲೆಗೆ ಯಾರೋ ದಾನಿಗಳು ಕೊಟ್ಟ ಹಳೆಯ ಕಂಪ್ಯೂಟರುಗಳಿದ್ದವು. ನಮ್ಮ ಮನೆಯದರ ಅಣ್ಣತಮ್ಮಂದಿರು. ಮಕ್ಕಳಿಗೆ ಕಂಪ್ಯೂಟರಿನಲ್ಲಿ ಕತೆ ತೋರಿಸುತ್ತೇನೆ ಎಂದು ಹೆಡ್‌ಮಿಸ್ಸನ್ನು ಕೇಳಿದೆ. ಪೋಷಕರು ತಾವಾಗಿ ಬಂದದ್ದು ಅವರಿಗೆ ಸಂತೋಷವೇ ಆಯಿತು. ಎರಡು ಯಂತ್ರಗಳಿಗೆ ಸಣ್ಣ ವ್ಯವಸ್ಥೆ ಹಾಕಿ, ಪ್ಲೇಯರ್ ಹಾಕಿ, ಮನೆಯಿಂದ ಸಿ.ಡಿ.ಯಲ್ಲಿ ತಂದಿದ್ದ ಕತೆಯೊಂದನ್ನು ಓಡಿಸಿದೆ. ಕೋಣೆಯ ತುಂಬ ಮಕ್ಕಳು. ಮೊದಲು ಸುಮ್ಮನೆ ನೋಡಿದರು. ಕತೆಯಲ್ಲಿ ಮುದುಕ ಕೆಸರಿನಲ್ಲಿ ಜಾರಿದ. ಒಬ್ಬಳು ಪಕ್ಕದವಳಿಗೆ ಅದನ್ನು ಕೈಯಲ್ಲಿ ಮಾಡಿ ತೋರಿಸಿದಳು. ಆಮೇಲೆ ಆ ಕೋಣೆಯಲ್ಲಿ ಸುಮ್ಮನಿದ್ದ ಕೈ ಒಂದೂ ಇರಲಿಲ್ಲ.

ಹೆಡ್‌ಮಿಸ್ ಬಾಗಿಲಿನ ಪಕ್ಕದ ಮೇನ್ ಸ್ವಿಚ್ ಆರಿಸಿದರು. "ಕೈ ಕೆಳಗೆ" ಎಂದರು, ಬಾಯಿ ದೊಡ್ಡದಾಗಿ ತೆರೆದು. ಮಕ್ಕಳು ಕೈ ಇಳಿಸಿದರು. ಆಮೇಲೆ ನನ್ನ ಕಡೆ ತಿರುಗಿದರು.

"ನೀವೂ ಟೀಚರ್ರು. ಇಷ್ಟು ವರ್ಷ ನಾವು ಕಟ್ಟಿದ್ದನ್ನ ಒಂದು ಮಧ್ಯಾಹ್ನದಲ್ಲಿ ಕೆಡವ್ತೀರಲ್ಲ, ನಿಮಗೆ ಹೇಗೆ ಮನಸ್ಸು ಬಂತು?"

"ಅವರು ನಗ್ತಾ ಇದ್ರು ಮೇಡಂ."

"ನಕ್ಕರೆ ಹೊಟ್ಟೆ ತುಂಬುತ್ತಾ? ನಾಳೆ ಅಂಗಡಿಗೆ ಹೋಗಿ ಸಾಮಾನು ಕೇಳಬೇಕಾದ್ರೆ ಅಂಗಡಿಯವನಿಗೆ ಈ ಕೈ ಭಾಷೆ ಬರುತ್ತಾ?"

ಕೈ ಕಟ್ಟಿದ ಟೇಪಿನ ವಿಷಯ ಎತ್ತಿದೆ. ಅವರಿಗೆ ನೆನಪಿರಲಿಲ್ಲ. ಸುಳ್ಳು ಹೇಳಿದರು ಅಂತ ನನಗೆ ಅನ್ನಿಸಲಿಲ್ಲ; ನಿಜವಾಗಿಯೂ ನೆನಪಿರಲಿಲ್ಲ. ನನಗೆ ಹೆಚ್ಚು ಕಹಿಯಾದದ್ದು ಅದೇ.

ಹೆಡ್‌ಮಿಸ್ ನನ್ನ ಗಂಡನಿಗೆ ಫೋನು ಮಾಡಿದ್ದರು. ಮುಂದಿನ ವಾರ ನಾನು ಅರಕಲಗೂಡಿನಿಂದ ಬಂದಾಗ ಮೇಜಿನ ಮೇಲೆ ಕಂಪ್ಯೂಟರ್ ಇರಲಿಲ್ಲ. ರಿಪೇರಿಗೆ ಕೊಟ್ಟಿದ್ದೇನೆ, ವೈರಸ್ ಬಂದಿತ್ತು ಎಂದರು ಗಂಡ. ನಾನು ಹಾಸನಕ್ಕೆ ಹೋದೆ. ಅಂಗಡಿಯವನು ಕೆಲಸ ಮುಗಿಸಿಟ್ಟಿದ್ದ.

"ಎಲ್ಡೆಲ್ಡು ಸಿಸ್ಟಮ್ ಇದ್ವು ಮೇಡಂ. ಸಾ ಅಂದ್ರು, ಒಂದು ತೆಗ್ದಾಕು ಅಂತ. ಪೂರಾ ಫಾರ್ಮ್ಯಾಟ್ ಒಡ್ದು ಒಸದಾಗಿ ಆಕ್ಬುಟ್ಟಿವ್ನಿ."

"ಅದರಲ್ಲಿ ವಿಡಿಯೋ ಇದ್ವಲ್ಲ?"

"ಸಾರು ತಮ್ಮ ಫೈಲು ಕಾಪಿ ಮಾಡುಸ್ಕಂಡ್ರು. ಬ್ಯಾರೆ ಏನೂ ಬ್ಯಾಡ ಅಂದ್ರು." ನನ್ನ ಮುಖ ನೋಡಿ ದನಿ ತಗ್ಗಿಸಿದ. "ನಿಮ್ಮವು ಅಂತ ಗೊತ್ತಿರ್ನಿಲ್ಲ ಮೇಡಂ."

ಅವನ ಮೇಲೆ ಸಿಟ್ಟಾಗಿ ಪ್ರಯೋಜನವಿರಲಿಲ್ಲ. ಯಂತ್ರ ಮನೆಗೆ ತಂದು ಸಿ.ಡಿ. ಹುಡುಕಿ ಮತ್ತೆ ಎಲ್ಲವನ್ನೂ ಹಾಕಿದೆ. ಗಂಡ ನೋಡುತ್ತಲೇ ಇದ್ದರು, ಈ ಸಲ ತಡೆಯಲಿಲ್ಲ. ತಡೆಯುವ ಅಗತ್ಯವೂ ಬೀಳಲಿಲ್ಲ. ಕಿವುಡರ ಆ ತಾಣ ಅಷ್ಟರಲ್ಲಿ ಹೊಸದಾಗಿತ್ತು. ಬಣ್ಣ ಬಣ್ಣದ ಗುಂಡಿಗಳು, ತಾನಾಗಿ ತಿರುಗುವ ಚಿತ್ರಗಳು. ವಿಡಿಯೋದ ವಿಳಾಸ ಪುಟದಲ್ಲಿ ಎಲ್ಲೂ ಇರಲಿಲ್ಲ. ಹೊಸ ಪ್ಲಗಿನ್ನಿನ ಒಳಗೇ ಬೀಗ ಹಾಕಿಟ್ಟ ಹಾಗೆ ಇತ್ತು. ನನ್ನ ಪುಟ್ಟ ಪ್ಲೇಯರಿಗೆ ಕೊಡಲು ಏನೂ ಉಳಿದಿರಲಿಲ್ಲ. ಅಪರಿಚಿತನಿಗೆ ಬರೆದೆ. ಅವನು ಪ್ರಯತ್ನಿಸಿ, ಕ್ಷಮಿಸಿ, ಇದಕ್ಕೆ ಸದ್ಯಕ್ಕೆ ದಾರಿಯಿಲ್ಲ ಎಂದ. ತಾಣದವರಿಗೂ ಬರೆದೆ, ಈ ಸಲ ಮಗಳ ವಿಷಯ ಎಲ್ಲ ತಿಳಿಸಿ. ನಿಮ್ಮ ಆಸಕ್ತಿಗೆ ಧನ್ಯವಾದಗಳು, ದಯವಿಟ್ಟು ಇತ್ತೀಚಿನ ಪ್ಲಗಿನ್ ಮತ್ತು ಹೆಚ್ಚು ಸಾಮರ್ಥ್ಯದ ಕಂಪ್ಯೂಟರ್ ಬಳಸಿ ಎಂಬ ಉತ್ತರ ಬಂತು. ಕಿವುಡರಿಗಾಗಿ ಕಿವುಡರು ಕಟ್ಟಿದ ಮನೆ. ಅದಕ್ಕೂ ಬಾಗಿಲು ಹಾಕಿಸಿದ್ದರು ಯಾರೋ ಬುದ್ಧಿವಂತರು, ಚೆಂದ ಕಾಣಲಿ ಎಂದು.

ಶಾಲೆಯಲ್ಲಿ ಬಿಟ್ಟುಬಂದಿದ್ದ ಕತೆಯ ಸಿ.ಡಿ. ಕೇಳಲು ಹೋದೆ. ಯಾರಿಗೂ ಗೊತ್ತಿರಲಿಲ್ಲ.

ಆ ವರ್ಷದ ಪರೀಕ್ಷೆ ಮುಗಿದ ಮೇಲೆ ಮಗಳನ್ನು ಮೈಸೂರಿನ ಒಂದು ವಸತಿಶಾಲೆಗೆ ಸೇರಿಸಿದೆ. ಅಲ್ಲಿ ಮಕ್ಕಳು ಸನ್ನೆಯಲ್ಲಿ ಮಾತಾಡಿಕೊಳ್ಳುವುದನ್ನು ಯಾರೂ ತಡೆಯುತ್ತಿರಲಿಲ್ಲ. ಗಂಡ ಅರ್ಜಿಗೆ ಸಹಿ ಹಾಕಿದರು, ಬಿಡಲು ಬರಲಿಲ್ಲ. ಒಂದು ವರ್ಷದಲ್ಲೇ ಅವಳ ಕೈ ನನ್ನ ಕಣ್ಣಿಗೆ ಸಿಗದಷ್ಟು ಚುರುಕಾಯಿತು. ಬಾಯಿಯ ಮಾತು ನಿಂತೇ ಹೋಯಿತು. "ಅಪ್ಪ" ಎಂಬುದನ್ನೂ ಆಡುವುದಿಲ್ಲ. ಹೆಡ್‌ಮಿಸ್ ಹೇಳಿದ್ದೇ ನಿಜವಾಯಿತು ನೋಡು ಎಂದು ಗಂಡ ಇಂದಿಗೂ ಹೇಳುತ್ತಾರೆ. ನಾನು ವಾದ ಮಾಡುವುದಿಲ್ಲ. ಅವಳಿಗೆ ಬರದೇ ಹೋದದ್ದಲ್ಲ, ಬೇಡವೆಂದು ಬಿಟ್ಟದ್ದು.

ಅವಳು ಹತ್ತನೆಯ ತರಗತಿಯಲ್ಲಿದ್ದಾಗ ಸಂಕ್ರಾಂತಿಗೆ ಬಂದಿದ್ದಳು. ಊಟಕ್ಕೆ ಮೂವರೂ ಕೂತಿದ್ದೆವು. ಗಂಡ ಎಲೆಯಿಂದ ತಲೆ ಎತ್ತಿ ಅವಳ ಕಡೆ ನೋಡಿದರು, ಆಮೇಲೆ ನನ್ನ ಕಡೆ.

"ಅವಳಿಗೆ ಯಾವ ಸಬ್ಜೆಕ್ಟು ಇಷ್ಟವಂತೆ, ಕೇಳು."

ನಾನು ಕೇಳಿದೆ. ಅವಳು ಎಡಗೈಯಲ್ಲಿ ತುಪ್ಪದ ಬಟ್ಟಲು ಸರಿಸಿಟ್ಟು, ಅದೇ ಕೈಯಲ್ಲಿ ನಿಧಾನವಾಗಿ, ನನಗೆ ತಪ್ಪದ ಹಾಗೆ ಹೇಳಿದಳು: ಅವರಿಗೆ ತಿಳಿಯಬೇಕಾಗಿದ್ದರೆ ಅವರೇ ಕಲಿತು ಕೇಳಲಿ.

"ಏನಂತೆ?" ಎಂದರು ಗಂಡ.

"ಲೆಕ್ಕ ಅಂತೆ" ಎಂದೆ.

"ನಿನ್ನ ಥರಾನೇ" ಎಂದು ಅವರು ಸಂತೋಷಪಟ್ಟು, ಇನ್ನೊಂದು ಸೌಟು ಹುಳಿ ಬಡಿಸಿಕೊಂಡರು. ಮಗಳು ನನ್ನ ತುಟಿಯನ್ನು ನೋಡಿದ್ದಳು. ತುಟಿ ಓದುವುದನ್ನು ಅವಳಿಗೆ ಆ ಶಾಲೆಯವರು ಚೆನ್ನಾಗಿಯೇ ಕಲಿಸಿದ್ದರು. ಅವಳು ಊಟ ಮುಂದುವರಿಸಿದಳು.